ನೆಲ ಒರೆಸಬೇಡ

ಆ ಅಂಗಡಿಯಲ್ಲಿ ದಾರದಕ್ಕ ಕದ್ದದ್ದು ಆರು ಎಳೆ ದಾರ. ನೀಲಿ ಬಣ್ಣದ್ದು. ಒಂದೊಂದೂ ಬೆರಳುದ್ದ. ಅಷ್ಟನ್ನು ಕಂಡುಹಿಡಿಯಲು ಅಂಗಡಿಯವರು ಅವಳ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಸಿದರು.

ಮೊದಲಿನಿಂದಲೇ ಹೇಳುತ್ತೇನೆ. ಇಲ್ಲದಿದ್ದರೆ ನೀವೂ ಅವರ ಹಾಗೆಯೇ, ಏನೋ ಮಾಡಿರಬೇಕು, ಸುಮ್ಮಸುಮ್ಮನೆ ಯಾರು ಹಿಡಿಯುತ್ತಾರೆ ಎಂದುಬಿಡುತ್ತೀರಿ.

ದಾರದಕ್ಕ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷದಿಂದ ದಾರ ಕತ್ತರಿಸುವವಳು. ಅದಕ್ಕೇ ಆ ಹೆಸರು. ಹೊಲಿದ ಅಂಗಿ ಮೇಜಿಗೆ ಬರುತ್ತದೆ. ಅದನ್ನು ಒಳಮೈ ಹೊರಗೆ ಮಾಡಬೇಕು. ಕಾಲರು, ಕಂಕುಳು, ಕಾಜ, ಅಂಚು, ಎಲ್ಲೆಲ್ಲಿ ದಾರದ ತುದಿ ನೇತಾಡುತ್ತದೋ ಅಲ್ಲೆಲ್ಲ ಪುಟ್ಟ ಕತ್ತರಿ ಆಡಿಸಬೇಕು. ನಿಂತೇ ಮಾಡಬೇಕು. ಕೂತರೆ ನಿದ್ದೆ ಬರುತ್ತದಂತೆ. ಹಾಗೆಂದವನು ದಿನವಿಡೀ ಕುರ್ಚಿ ಬಿಟ್ಟು ಏಳದ ಸೂಪರ್‌ವೈಸರ್. ನಿಂತು ನಿಂತು ಅವಳ ಮೀನಖಂಡದಲ್ಲಿ ನರ ಗಂಟುಗಂಟಾಗಿ ಎದ್ದಿವೆ. ಕತ್ತರಿಯ ಕಣ್ಣು ಒತ್ತಿ ಹೆಬ್ಬೆರಳಿನ ಬುಡದಲ್ಲಿ ಜಡ್ಡು ಕಟ್ಟಿದೆ.

ಕತ್ತರಿಸಿದ ದಾರ ನೆಲಕ್ಕೆ ಬೀಳಕೂಡದು. ಬಿದ್ದರೆ ಇನ್ನೊಂದು ಅಂಗಿಗೆ ಅಂಟುತ್ತದೆ, ಆ ಅಂಗಿ ವಾಪಸ್ ಬರುತ್ತದೆ, ಸೂಪರ್‌ವೈಸರ್ ಬಾಯಲ್ಲಿ ಬರಬಾರದ್ದೆಲ್ಲ ಬರುತ್ತದೆ. ಹಾಗಾಗಿ ಆ ಸಾಲಿನ ಹೆಂಗಸರೆಲ್ಲ ತುಂಡು ದಾರವನ್ನು ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಕೈಗೆ ಬಂದುಬಿಟ್ಟಿದೆ. ಸಂಜೆ ಬಟ್ಟೆ ಬದಲಿಸುವಾಗ ಉಂಡೆಉಂಡೆ ದಾರ ಉದುರುತ್ತದೆ. "ಅಮ್ಮಾ, ನಿನ್ನೊಳಗೆ ಯಾರೋ ಕೂತು ಸ್ವೆಟರ್ ಹೆಣೀತಿದಾರೆ" ಎಂದು ಮಗಳು ನಗುತ್ತಾಳೆ.

ಆ ಮಗಳಿಗೆ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಮಾರನೆಯ ದಿನದಿಂದ ಹೋಗಬೇಕು. ಕಾಲರ್ ಇರುವ ಅಂಗಿ ಹಾಕಿಕೊಂಡು ಬರಬೇಕೆಂದಿದ್ದರು. ದಾರದಕ್ಕನಿಗೆ ವಾರದ ರಜೆ. ತಮ್ಮ ಫ್ಯಾಕ್ಟರಿಯ ಅಂಗಿ ಪೇಟೆಯ ಆ ದೊಡ್ಡ ಅಂಗಡಿಯಲ್ಲಿ ಮಾರುತ್ತಾರೆಂದು ಕೇಳಿದ್ದಳು. ಹದಿನಾಲ್ಕು ವರ್ಷ ಕೈಯಲ್ಲಿ ಹಾದುಹೋದ ಮಾಲು ಎಲ್ಲಿಗೆ ಹೋಗಿ ಕೂರುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟುಕೊಂಡು ಹೊರಟಳು.

ಅಂಗಡಿಯೊಳಗೆ ತಂಪಿತ್ತು. ಮುಖ ಕಾಣುವಷ್ಟು ನುಣುಪಿನ ನೆಲ. ಬಾಗಿಲಿನಿಂದಲೇ ಕಾವಲುಗಾರನ ಕಣ್ಣು ಅವಳ ಬೆನ್ನಿಗೆ ಅಂಟಿತು. ಅವಳ ಪಕ್ಕದಲ್ಲೇ ಒಬ್ಬ ದೊಡ್ಡ ಮನುಷ್ಯ ಬಿಲ್ ಆಗದ ತಂಪು ಕನ್ನಡಕ ಮೂಗಿನ ಮೇಲಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತ ಬಾಗಿಲಾಚೆ ಹೋಗಿ, ನಿಧಾನಕ್ಕೆ ಒಳಗೆ ಬಂದ. ಅವನಿಗೆ ಕಾವಲುಗಾರ ಎರಡು ಸಲ ಸಲಾಮು ಹೊಡೆದ.

ನೀಲಿ ಅಂಗಿ ಸಿಕ್ಕಿತು. ಕಾಲರಿನೊಳಗಿನ ಫ್ಯಾಕ್ಟರಿ ನಂಬರ್ ನೋಡಿದಳು. ತಮ್ಮದೇ. ಅವಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ತವರಿನವರು ಸಿಕ್ಕಷ್ಟು ಖುಷಿ. ಕೈ ತಾನಾಗಿ ಅಂಗಿಯನ್ನು ಒಳಮೈ ಹೊರಗೆ ಮಾಡಿತು. ಕಂಕುಳಲ್ಲಿ, ಅಂಚಿನಲ್ಲಿ ದಾರ ಇಳಿಬಿದ್ದಿತ್ತು. ಥೂ, ಯಾವಳು ಹೀಗೆ ಬಿಟ್ಟಳಪ್ಪ ಎಂದು ನಾಚಿಕೆಯಾಯಿತು. ಬೆಳಕಿನ ಕಡೆ ತಿರುಗಿದಳು. ಕತ್ತರಿ ಇರಲಿಲ್ಲ, ಹಲ್ಲಿದ್ದವು. ಒಂದೊಂದೇ ತುದಿ ಕಚ್ಚಿದಳು, ಸೊಂಟದ ಪಟ್ಟಿಗೆ ಸಿಕ್ಕಿಸಿದಳು. ತಲೆಯಲ್ಲಿ ಮಗಳ ಭುಜದ ಅಳತೆ ಓಡುತ್ತಿತ್ತು. ಆರು ಸಲ ಅಂಗಿ ಬಾಯಿಗೆ ಹೋಯಿತು, ಆರು ಸಲ ಕೈ ಸೊಂಟಕ್ಕೆ ಹೋಯಿತು. ಮೇಲೆ ಕ್ಯಾಮೆರಾ ಇತ್ತು. ಆಮೇಲೆ ಅಂಗಿಯನ್ನು ಸರಿಮಾಡಿ, ಮಡಿಸಿ, ತೋಳ ಮೇಲೆ ಹಾಕಿಕೊಂಡು ಬಿಲ್ಲಿನ ಸಾಲಿನ ಕಡೆಗೆ ನಡೆದಳು.

ಸಾಲು ಮುಟ್ಟುವ ಮುಂಚೆಯೇ ಕಾವಲುಗಾರ ತೋಳು ಹಿಡಿದ.

"ಬಾ ಇಲ್ಲಿ."

"ಏನಣ್ಣಾ?"

"ಬಾ ಅಂದ್ನಲ್ಲ. ಜನರ ಮುಂದೆ ಮಾನ ಕಳ್ಕೋಬೇಡ."

ಮಾನ ಅವನೇ ಕಳೆಯುತ್ತಿದ್ದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬಳು ತನ್ನ ಕೈಚೀಲವನ್ನು ಎದೆಗೆ ಎಳೆದುಕೊಂಡಳು.

ಬಟ್ಟೆ ಹಾಕಿ ನೋಡುವ ಕೋಣೆಗಳ ಹಿಂದೆ ಒಂದು ಗೂಡು. ರಟ್ಟಿನ ಪೆಟ್ಟಿಗೆಗಳು, ತಲೆಯಿಲ್ಲದ ಬೆತ್ತಲೆ ಬೊಂಬೆಗಳು, ಒಂದು ಮೇಜು, ಎರಡು ಕುರ್ಚಿ. ಗೋಡೆಯ ಮೇಲೆ ಅಂಗಡಿಯನ್ನೆಲ್ಲ ಚೌಕ ಚೌಕವಾಗಿ ತೋರಿಸುವ ಟೀವಿ. ಅದರ ಪಕ್ಕ ಹತ್ತಿಪ್ಪತ್ತು ಜನರ ಫೋಟೋ, ಕೆಳಗೆ ಕೆಂಪು ಅಕ್ಷರದಲ್ಲಿ 'ಕಳ್ಳರು' ಎಂಬ ಬರಹ. ಒಬ್ಬನ ಮುಖದಲ್ಲೂ ಹೊಟ್ಟೆ ತುಂಬ ಉಂಡ ಕಳೆ ಇರಲಿಲ್ಲ. ಫೋನು ಕಿತ್ತುಕೊಂಡು ಅವಳನ್ನು ಒಳಗೆ ನೂಕಿ ಕಾವಲುಗಾರ ಹೊರಗಿನಿಂದ ಚಿಲಕ ಹಾಕಿದ. ಟೀವಿಯ ಮೂಲೆಯಲ್ಲಿ ಹನ್ನೊಂದೂವರೆ ಎಂದಿತ್ತು.

ಮ್ಯಾನೇಜರ್ ಬಂದ. ಅವಳ ತಮ್ಮನ ವಯಸ್ಸು. ಜೊತೆಗೊಬ್ಬಳು ಸೇಲ್ಸ್ ಹುಡುಗಿ.

"ಎಲ್ಲಿಟ್ಟಿದೀಯಾ?"

"ಏನು ಸಾರ್?"

"ನಾಟಕ ಆಡ್ಬೇಡ. ಟ್ಯಾಗ್ ಕಚ್ಚಿ ಕಿತ್ತು ಸೊಂಟಕ್ಕೆ ತುರುಕಿದ್ದು ಕ್ಯಾಮೆರಾದಲ್ಲಿ ನೋಡಿದೀವಿ."

"ಟ್ಯಾಗ್ ಅಲ್ಲ ಸಾರ್, ದಾರ. ನಾನು ದಾರ ಕತ್ತರಿಸೋಳು. ನಮ್ ಫ್ಯಾಕ್ಟರೀದೇ ಅಂಗಿ. ದಾರ ಹಂಗೇ ಇತ್ತು..."

"ಓಹೋ! ನಮ್ಮ ಅಂಗಡಿ ಅಂಗಿ ಕ್ಲೀನ್ ಮಾಡೋಕೆ ಬಂದ್ಯಾ? ಯಾರು ಕರೆದಿದ್ರು ನಿನ್ನ?" ಅವನು ಹುಡುಗಿಗೆ ಕಣ್ಣು ಮಾಡಿದ. "ಪೂರ್ತಿ ಚೆಕ್ ಮಾಡು." ಹೊರಗೆ ಹೋಗಿ ನಿಂತ.

"ಕೈ ಎತ್ತು" ಎಂದಳು ಹುಡುಗಿ.

ದಾರದಕ್ಕನ ಎರಡೂ ಕೈ ತಾವಾಗಿ ಮೇಲೆದ್ದವು. ಫ್ಯಾಕ್ಟರಿಯ ಗೇಟಿನಲ್ಲಿ ಹದಿನಾಲ್ಕು ವರ್ಷ ದಿನಾ ಸಂಜೆ ತಪಾಸಣೆಗೆ ಎತ್ತಿದ ಕೈಗಳು. ಯಾರು ಎತ್ತು ಎಂದರೂ ಎತ್ತುವ ಕೈಗಳು. ತನ್ನ ಕೈಗಳನ್ನು ಕಂಡೇ ಅವಳಿಗೆ ಹೇಸಿಗೆಯಾಯಿತು.

ಹುಡುಗಿ ಸವರಿದಳು, ಹಿಂಡಿದಳು. "ಬಿಚ್ಚು" ಎಂದಳು. ಮೇಲಿನದು ಬಿಚ್ಚಿದಳು. "ಅದೂ" ಎಂದಳು. ಅದೂ ಬಿಚ್ಚಿದಳು. "ಕುಕ್ಕರುಗಾಲಲ್ಲಿ ಕೂತು ಕೆಮ್ಮು" ಎಂದಳು. ಕೆಮ್ಮಿದಳು. ಕೆಮ್ಮುವಾಗ ತಲೆ ಎತ್ತಿದವಳಿಗೆ ಟೀವಿಯ ಕೊನೆಯ ಚೌಕದಲ್ಲಿ ಒಂದು ಕೋಣೆ ಕಂಡಿತು. ತಲೆಯಿಲ್ಲದ ಬೊಂಬೆಗಳು. ಅವುಗಳ ನಡುವೆ ಒಂದು ಬೆತ್ತಲೆ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಳು. ಅದು ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಈ ಚೌಕ ಇನ್ನೆಲ್ಲೆಲ್ಲಿ ಕಾಣುತ್ತಿದೆಯೋ, ಯಾರ್‍ಯಾರು ನೋಡುತ್ತಿದ್ದಾರೋ.

ದಾರದಕ್ಕ ಬಟ್ಟೆ ತೊಟ್ಟ ಮೇಲೆ ಹುಡುಗಿ ಬಾಗಿಲು ತಟ್ಟಿದಳು. ಅವಳ ಅಂಗೈಯಲ್ಲಿ ಆರು ಎಳೆ ನೀಲಿ ದಾರ. "ಇಷ್ಟೇ ಸಾರ್ ಸಿಕ್ಕಿದ್ದು."

ಚೂರು ನಾಚಿಕೆ ಇದ್ದವನಾದರೂ ಅಲ್ಲಿಗೆ ತಪ್ಪಾಯಿತು ಎನ್ನುತ್ತಿದ್ದ. ಇವನು ಆ ದಾರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿಗೆ ಪಿನ್ ಹೊಡೆದು ಮೇಜಿನ ಮೇಲಿಟ್ಟ. ದೊಡ್ಡ ಕೊಲೆಗಾರನ ಚೂರಿ ಸಿಕ್ಕಿದವನ ಗತ್ತು. ಡ್ರಾಯರಿನಿಂದ ಅಚ್ಚು ಹಾಕಿಸಿದ ಒಂದು ಹಾಳೆ ತೆಗೆದ. 'ನಾನು ಈ ಅಂಗಡಿಯಲ್ಲಿ ... ಕದ್ದು ಸಿಕ್ಕಿಬಿದ್ದಿದ್ದೇನೆ, ತಪ್ಪೊಪ್ಪಿಕೊಂಡಿದ್ದೇನೆ.' ಅಚ್ಚು ಹಾಕಿಸಿ ಇಟ್ಟಿದ್ದರು, ಮೊದಲೇ. ನಡುವೆ ಒಂದು ಜಾಗ ಖಾಲಿ. ಅಲ್ಲಿ ಏನು ಬರೆಯಬೇಕೆಂದು ಅವನಿಗೆ ತೋಚಲಿಲ್ಲ. ಪೆನ್ನು ಕಚ್ಚಿದ, ತಲೆ ಕೆರೆದ. ಕೊನೆಗೆ 'ಅಂಗಿ ಕದಿಯಲು ಪ್ರಯತ್ನಿಸಿ' ಎಂದು ಬರೆದ.

"ಸೈನ್ ಮಾಡು. ಒಂದು ಫೋಟೋ ತೆಗೀತೀವಿ. ಹೋಗು."

"ನಾನು ಕದ್ದಿಲ್ಲ ಸಾರ್."

"ಹಂಗಾದ್ರೆ ಕೂತಿರು. ಪೊಲೀಸ್ ಕರೀತೀನಿ. ನಿಮ್ಮ ಫ್ಯಾಕ್ಟರಿಗೂ ಫೋನ್ ಹೋಗುತ್ತೆ. ಕಳ್ಳೀನ ಇಟ್ಕೋತಾರಾ ನೋಡೋಣ."

ಚಿಲಕ ಬಿತ್ತು.

ಹನ್ನೆರಡೂವರೆಗೆ ಅವಳಿಗೆ ಮೂತ್ರಕ್ಕೆ ಹೋಗಬೇಕಾಯಿತು. ಅದೇನು ದೊಡ್ಡ ವಿಷಯವಲ್ಲ. ಫ್ಯಾಕ್ಟರಿಯಲ್ಲಿ ಒಂದು ಸಾಲಿಗೆ ಎರಡೇ ಟೋಕನ್, ಟೋಕನ್ ಇಲ್ಲದೆ ಟಾಯ್ಲೆಟ್ಟಿಗೆ ಹೋಗುವಂತಿಲ್ಲ. ತಡೆದುಕೊಳ್ಳುವ ವಿದ್ಯೆ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಒಂದು ಗಂಟೆಗೆ ಕೇಳಿದಳು. ಚಿಲಕದಾಚೆಯಿಂದ ಕಾವಲುಗಾರ "ಸಾರ್ ಊಟಕ್ಕೆ ಹೋಗಿದಾರೆ" ಎಂದ. ಒಂದೂವರೆಗೆ ಕೇಳಿದಳು. ಎರಡಕ್ಕೆ ಬಾಗಿಲು ಬಡಿದಳು. ಮ್ಯಾನೇಜರ್ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದ.

"ಟಾಯ್ಲೆಟ್ಟಿಗೆ ಹೋಗಿ ಏನು ಫ್ಲಶ್ ಮಾಡ್ತೀಯಾ?"

"ಎಲ್ಲಾ ಬಿಚ್ಚಿಸಿ ನೋಡಿದ್ರಲ್ಲ ಸಾರ್. ಇನ್ನೇನಿದೆ ನನ್ನತ್ರ?"

"ಸೈನ್ ಮಾಡು. ಟಾಯ್ಲೆಟ್ಟಿಗೂ ಹೋಗು, ಮನೆಗೂ ಹೋಗು."

ನೋಡಿ, ಒಂದು ಹೆಣ್ಣು ಉಚ್ಚೆ ಹೊಯ್ಯಲು ತಾನು ಕಳ್ಳಿ ಎಂದು ಬರೆದುಕೊಡಬೇಕು. ಇದಕ್ಕೆ ಅವನೇನೂ ಕಣ್ಣು ಕೆಂಪಗೆ ಮಾಡಲಿಲ್ಲ. ದನಿ ಏರಿಸಲಿಲ್ಲ. ಹಲ್ಲಿನ ಸಂದಿಯಿಂದ ಏನೋ ಕಿತ್ತು, ನೋಡಿ, ಬಿಸಾಕಿದ.

ಅವಳು ಪೆನ್ನು ತೆಗೆದುಕೊಂಡಳು. ಸೈನ್ ಮಾಡಿಬಿಡುತ್ತಿದ್ದಳು. ಕಿಬ್ಬೊಟ್ಟೆ ಕಲ್ಲಾಗಿತ್ತು. ಸೈನ್ ಮಾಡಿ ಓಡಿಹೋಗಿ ಎಲ್ಲಾದರೂ ಕೂತುಬಿಟ್ಟರೆ ಸಾಕಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಜೇಬಿನಲ್ಲಿದ್ದ ಅವಳ ಫೋನ್ ಬಡಿದುಕೊಂಡಿತು. ಮಗಳು. ಬೆಳಗಿನಿಂದ ಏಳು ಸಲ ಮಾಡಿದ್ದಳು, ಮ್ಯಾನೇಜರ್ ಏಳು ಸಲವೂ ಕತ್ತರಿಸಿದ್ದ. ಈ ಸಲ ಎತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ನಿಮ್ಮಮ್ಮ ನಮ್ಮ ಅಂಗಡೀಲಿ ಕದ್ದು ಸಿಕ್ಕಿಬಿದ್ದಿದಾಳೆ. ಸೈನ್ ಮಾಡಿ ಹೋಗು ಅಂದ್ರೆ ಹಟ ಮಾಡ್ತಿದಾಳೆ. ನೀನಾದ್ರೂ ಬುದ್ಧಿ ಹೇಳು."

ಆ ಕಡೆಯಿಂದ ಅಳು ಕೇಳಿತು.

"ಅಮ್ಮಾ... ಸೈನ್ ಮಾಡಿ ಬಂದ್ಬಿಡಮ್ಮಾ. ನಾಳೆ ನಾನು ಕೆಲಸಕ್ಕೆ ಹೋಗ್ಬೇಕು. ಅವರಿಗೆಲ್ಲ ಗೊತ್ತಾದ್ರೆ? ನೀನು ಕದ್ದಿದ್ರೂ ಪರವಾಗಿಲ್ಲ, ನಾನೇನೂ ಕೇಳಲ್ಲ. ಬಂದ್ಬಿಡು."

ಕದ್ದಿದ್ದರೂ ಪರವಾಗಿಲ್ಲ.

ಬಟ್ಟೆ ಬಿಚ್ಚಿಸಿದಾಗ ಇಷ್ಟು ನೋವಾಗಿರಲಿಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಕಣ್ಣಲ್ಲಿ ತಾನು ಆಗಲೇ ಕಳ್ಳಿ. ಈ ಹಾಳೆಗೆ ಹೆಸರು ಗೀಚಿದರೆ ಸಾಯುವ ತನಕ ಕಳ್ಳಿ. ಮಗಳು ಅನ್ನ ಹಾಕುತ್ತಾಳೆ, ಬಟ್ಟೆ ಕೊಡಿಸುತ್ತಾಳೆ, ಒಂದು ದಿನವೂ ಈ ಮಾತು ಎತ್ತುವುದಿಲ್ಲ. ಪರವಾಗಿಲ್ಲ ಎಂದುಕೊಂಡೇ ಇರುತ್ತಾಳೆ.

ದಾರದಕ್ಕ ಪೆನ್ನು ಕೆಳಗಿಟ್ಟಳು.

"ಮಾಡಲ್ಲ."

"ಏನು?"

"ಸೈನ್ ಮಾಡಲ್ಲ. ಏನ್ ಕಿತ್ಕೋತೀಯೋ ಕಿತ್ಕೋ."

ಹನ್ನೆರಡೂವರೆಯಿಂದ ಬಿಗಿಹಿಡಿದಿದ್ದ ಮೈ ಆ ಮಾತಿನ ಜೊತೆಗೇ ಸಡಿಲಾಯಿತು. ಬಿಸಿಯಾಗಿ ಇಳಿಯಿತು. ಬಟ್ಟೆ ತೋಯ್ದು ಕಾಲಿಗೆ ಅಂಟಿತು, ಕುರ್ಚಿಯಿಂದ ತೊಟ್ಟಿಕ್ಕಿತು, ನೆಲದಲ್ಲಿ ಹರಿದು ಮೇಜಿನಡಿ ಹೋಯಿತು. ಮ್ಯಾನೇಜರ್ ತನ್ನ ಬೂಟನ್ನು ಮೇಲೆತ್ತಿಕೊಂಡು ಹಿಂದಕ್ಕೆ ಹಾರಿದ. ಮೊದಲು ಅವನಿಗೆ ನೆನಪಾದದ್ದು ಬೂಟು.

"ಥೂ! ಹೊಲಸು ಜನ! ಏಯ್, ಯಾರಿದೀರಿ, ಕ್ಲೀನಿಂಗ್‌ನೋಳನ್ನ ಕಳಿಸ್ರೋ!"

ಫೋನಿನಲ್ಲಿ ಮಗಳು ಅಮ್ಮಾ ಅಮ್ಮಾ ಎನ್ನುತ್ತಿದ್ದಳು. ಅವನು ಅದನ್ನು ಕತ್ತರಿಸಿದ.

ಬಕೆಟ್ಟು, ಒರೆಸುವ ಕೋಲು ಹಿಡಿದುಕೊಂಡು ಅಂಗಡಿಯ ಕ್ಲೀನಿಂಗ್ ಹೆಂಗಸು ಬಂದಳು. ನೆಲ ನೋಡಿದಳು, ದಾರದಕ್ಕನ ಮುಖ ನೋಡಿದಳು. ಕೋಲು ಅದ್ದಲು ಬಗ್ಗಿದಳು.

"ಒರೆಸ್ಬೇಡ ಅಕ್ಕಾ" ಎಂದಳು ದಾರದಕ್ಕ.

"ಏನಂದೆ?"

"ಒರೆಸ್ಬೇಡ. ಬೆಳಗ್ಗಿಂದ ಪೊಲೀಸ್ ಕರೀತೀನಿ ಅಂತಿದಾನಲ್ಲ ಈ ಮನುಷ್ಯ. ಕರೀಲಿ. ಬರ್ಲಿ. ಬಂದು ಇದನ್ನ ನೋಡ್ಲಿ. ಮೂರು ಗಂಟೆ ಯಾಕೆ ಬಾಗಿಲು ಹಾಕಿದ್ರು ಅಂತ ಕೇಳ್ಲಿ. ಅಲ್ಲೀತನಕ ಒರೆಸ್ಬೇಡ."

"ಒರೆಸು!" ಮ್ಯಾನೇಜರ್ ಕಿರುಚಿದ.

ಕ್ಲೀನಿಂಗ್ ಹೆಂಗಸು ಎರಡೂ ಕಡೆ ನೋಡಿದಳು. "ನಂಗೆ ಮೂರನೇ ಮಹಡಿ ಒರೆಸೋದಿದೆ ಸಾರ್" ಎಂದಳು. ಬಕೆಟ್ಟು ಎತ್ತಿಕೊಂಡು ಹೋಗಿಯೇಬಿಟ್ಟಳು.

"ಕರೀರಿ ಪೊಲೀಸ್‌ನ" ಎಂದಳು ದಾರದಕ್ಕ. ಸಾರ್ ಎಂಬುದು ಅವಳ ಬಾಯಿಂದ ಬಿದ್ದುಹೋಗಿತ್ತು.

ಅವನು ಕರೆದದ್ದು ಪೊಲೀಸರನ್ನಲ್ಲ, ಕಂಪನಿಯ ವಕೀಲನನ್ನು. ಮೂಲೆಗೆ ತಿರುಗಿ ನಿಂತು ಪಿಸುಗುಟ್ಟಿದ. ಗೂಡಿನಂಥ ಕೋಣೆ, ವಕೀಲನದು ದೊಡ್ಡ ಗಂಟಲು. ಎಲ್ಲ ಕೇಳುತ್ತಿತ್ತು.

"ಬಿಲ್ಲಿಂಗ್ ದಾಟಿ ಹೊರಗೆ ಹೋಗಿದ್ಲಾ?"

"ಇಲ್ಲ ಸಾರ್. ಬಿಲ್ಲಿಂಗ್ ಕಡೆಗೇ ಹೋಗ್ತಿದ್ಲು."

"ಅವಳತ್ರ ಏನು ಸಿಕ್ತು?"

"ದಾರ."

"ಏನ್ ದಾರ?"

"ಅಂಗಿ ದಾರ ಸಾರ್. ಆರು."

"ಪೊಲೀಸ್‌ಗೆ ಯಾವಾಗ ತಿಳಿಸಿದ್ರಿ?"

"ಇನ್ನೂ... ತಿಳಿಸಿಲ್ಲ."

"ಬಟ್ಟೆ ಬಿಚ್ಚಿಸಿದ್ರಾ?"

"ಲೇಡಿ ಸ್ಟಾಫೇ ಸಾರ್..."

"ಕ್ಯಾಮೆರಾ ಇತ್ತಾ ಅಲ್ಲಿ?"

ಮ್ಯಾನೇಜರ್ ತಲೆ ಎತ್ತಿ ಟೀವಿಯ ಕೊನೆಯ ಚೌಕ ನೋಡಿದ. ಅಲ್ಲಿ ಅವನೂ ಇದ್ದ, ಅವಳೂ ಇದ್ದಳು, ನೆಲವೂ ಇತ್ತು.

"ಲೋ," ವಕೀಲನ ದನಿ ಒಡೆಯಿತು, "ಅನುಮಾನ ಬಂದ್ರೆ ನಿಲ್ಲಿಸಿ ಕೇಳ್ಬಹುದು. ಬ್ಯಾಗ್ ತೋರ್ಸಿ ಅನ್ಬಹುದು. ಪೊಲೀಸ್ ಕರೀಬಹುದು. ಮೂರು ಗಂಟೆ ಚಿಲಕ ಹಾಕಿ ಕೂರ್ಸೋಕೆ ಅದೇನು ನಿಮ್ಮಪ್ಪನ ಜೈಲಾ? ಅವಳು ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಕಂಪನಿ ಕೋರ್ಟಿಗೆ, ನೀನು ಒಳಗೆ. ಕಳ್ಳತನದ ಪೇಪರ್ ಹರಿದು ಬಿಸಾಕು. ನಾನೇ ಇಷ್ಟಪಟ್ಟು ಕೂತಿದ್ದೆ, ಯಾರೂ ತಡೀಲಿಲ್ಲ, ಯಾವ ತಕರಾರೂ ಇಲ್ಲ ಅಂತ ಬರೆಸ್ಕೊಂಡು ಕಳಿಸು. ಬೇಗ."

ಅವನು ತಿರುಗಿದಾಗ ಮುಖವೇ ಬೇರೆ. ಮೂರು ಗಂಟೆ 'ಏಯ್' ಆಗಿದ್ದವಳು ಒಂದು ಫೋನಿಗೆ 'ಅಮ್ಮ' ಆದಳು.

"ಅಮ್ಮಾ, ಏನೋ ಸಣ್ಣ ತಪ್ಪು ತಿಳುವಳಿಕೆ. ಮನಸ್ಸಿಗೆ ಹಚ್ಕೋಬೇಡಿ. ಆ ಅಂಗಿ ನಿಮಗೇ. ಇನ್ನೊಂದು ಜೊತೆ ಬಟ್ಟೆ ತರಿಸ್ತೀನಿ, ಬದಲಾಯಿಸ್ಕೊಳ್ಳಿ. ಇಲ್ಲೊಂದು ಸೈನ್ ಹಾಕ್ಬಿಟ್ರೆ..."

ಬೈಗುಳಕ್ಕಿಂತ ಈ ಬೆಣ್ಣೆ ಹೆಚ್ಚು ನಾರುತ್ತಿತ್ತು. ಒಂದು ಸೈನಿಗೆ ಅವಳು ಕಳ್ಳಿ, ಇನ್ನೊಂದು ಸೈನಿಗೆ ಏನೂ ಆಗೇ ಇಲ್ಲ. ಎರಡಕ್ಕೂ ಇವರಿಗೆ ಇವಳದೇ ಕೈ ಬೇಕು.

"ಬಾಗಿಲು ತೆಗಿ" ಎಂದಳು.

"ಹಿಂದಿನ ಬಾಗಿಲಿದೆ ಅಮ್ಮಾ, ಮಾಲು ಇಳಿಸೋ ಕಡೆ. ಯಾರೂ ನೋಡಲ್ಲ, ನಿಮಗೂ ಮುಜುಗರ ಆಗಲ್ಲ..."

"ಬಂದ ಬಾಗಿಲಲ್ಲೇ ಹೋಗ್ತೀನಿ. ಆ ಕ್ಯಾಮೆರಾದಲ್ಲಿರೋದು ಹಂಗೇ ಇರ್ಲಿ. ಅಳಿಸಿದ್ರೆ ಅದನ್ನೂ ಹೇಳ್ತೀನಿ."

ಮೇಜಿನಿಂದ ತನ್ನ ಫೋನು, ಚೀಲ ಎತ್ತಿಕೊಂಡಳು. ಅಂಗಿಯನ್ನು ಅಲ್ಲೇ ಬಿಟ್ಟಳು. ಎರಡೂ ಮುಕ್ಕಾಲಿಗೆ ಆ ಕೋಣೆಯಿಂದ ಹೊರಗೆ ಬಂದಳು. ನುಣುಪು ನೆಲದ ಮೇಲೆ ಅವಳ ಹೆಜ್ಜೆ ಒದ್ದೆಯಾಗಿ ಮೂಡುತ್ತ ಬಂದವು. ಬಿಲ್ಲಿನ ಸಾಲು ಇಬ್ಭಾಗವಾಯಿತು. ಕೆಲವರು ಮೂಗು ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ ಎಂದುಕೊಂಡಳು. ನಾಚಿಕೆ ಇರಲಿಲ್ಲ ಎಂದಲ್ಲ. ನಾಚಿಕೆಯಿಂದ ಮೈ ಸುಡುತ್ತಿತ್ತು. ಆದರೂ ತಲೆ ತಗ್ಗಿಸಲಿಲ್ಲ.

ಕಾವಲುಗಾರ ಗಾಜಿನ ಬಾಗಿಲು ತೆಗೆದು ಹಿಡಿದ. "ತಪ್ಪು ತಿಳ್ಕೋಬೇಡಮ್ಮಾ. ನಂದೂ ಹೊಟ್ಟೆಪಾಡು."

"ಚಿಲಕ ಹಾಕಿದ್ದು ನಿನ್ನ ಕೈನೇ ಅಲ್ವಾ ಅಣ್ಣಾ? ಅದನ್ನೂ ಹೇಳ್ತೀನಿ."

ಸ್ಟೇಷನ್ನಿಗೆ ನಡೆದೇ ಹೋದಳು. ದಾರಿಯಲ್ಲಿ ಮಗಳಿಗೆ ಫೋನ್ ಮಾಡಿ ಎಲ್ಲಿಗೆ ಹೋಗುತ್ತಿದ್ದೇನೆ ಎಂದಷ್ಟೇ ಹೇಳಿ ಇಟ್ಟಳು. ಬಸ್ಸಿನಲ್ಲಿ ಕೂರಲು ಮನಸ್ಸು ಬರಲಿಲ್ಲ. ತೊಡೆಯ ಸಂದಿ ಉಜ್ಜಿ ಉರಿಯುತ್ತಿತ್ತು.

ಮೇಜಿನ ಹಿಂದೆ ಕೂತಿದ್ದ ಪೊಲೀಸಿನವನು ಅವಳನ್ನು ಮೇಲಿಂದ ಕೆಳಗೆ ನೋಡಿದ, ಮೂಗು ಎಳೆದ.

"ಏನು ಕದ್ದೆ ಅಂದ್ರು?"

"ಅದಕ್ಕೆ ಉತ್ತರ ಹೇಳೋಕೆ ಬಂದಿಲ್ಲ. ಅವರು ಏನು ಮಾಡಿದ್ರು ಅಂತ ಹೇಳೋಕೆ ಬಂದಿದೀನಿ. ಬರ್ಕೊಳ್ಳಿ."

"ಮೊದ್ಲು ಮನೆಗೆ ಹೋಗಮ್ಮಾ. ಸ್ನಾನ ಮಾಡು, ಬಟ್ಟೆ ಬದಲಾಯಿಸು. ಶುದ್ಧವಾಗಿ ನಾಳೆ ಬಾ. ಆಮೇಲೆ ನೋಡೋಣ."

"ಒಗೆದು ಒಣಗಿಸಿ ಬಂದ್ರೆ ನೀವು ನಂಬ್ತೀರಾ? ಹಿಂಗೇ ಬರ್ಕೊಳ್ಳಿ. ಈ ವಾಸನೆ ಸಮೇತ ಬರ್ಕೊಳ್ಳಿ."

ಅಷ್ಟರಲ್ಲಿ ಮಗಳು ಓಡಿಬಂದಳು. ಕಂಕುಳಲ್ಲಿ ಬಟ್ಟೆಯ ಕಟ್ಟು. ಬಾಗಿಲಲ್ಲೇ ನಿಂತಳು. ಅಮ್ಮನ ಮುಖ ನೋಡಿದಳು, ಕೆಳಗೆ ನೋಡಿದಳು, ಮತ್ತೆ ಮುಖ ನೋಡಿದಳು.

"ಏನು ಮಾಡಿದ್ರಮ್ಮಾ?"

"ಬಿಚ್ಚಿಸಿದ್ರು. ಚಿಲಕ ಹಾಕಿದ್ರು. ಟಾಯ್ಲೆಟ್ಟಿಗೆ ಬಿಡ್ಲಿಲ್ಲ. ನಾನು ಕದ್ದಿಲ್ಲ ಕಣೇ."

ಮಗಳು ಬಟ್ಟೆಯ ಕಟ್ಟನ್ನು ಎದೆಗೆ ಅವುಚಿಕೊಂಡಳು.

ಪೊಲೀಸಿನವನಿಗೆ ಆಸರೆ ಸಿಕ್ಕಿದಂತಾಯಿತು. "ನೋಡಮ್ಮಾ, ನೀನು ಓದಿದೋಳ ಹಂಗೆ ಕಾಣ್ತೀಯಾ. ನಿಮ್ಮಮ್ಮಂಗೆ ಹೇಳು. ದೊಡ್ಡ ಅಂಗಡಿಯವರ ಮೇಲೆ ಕಂಪ್ಲೇಂಟು, ಕೇಸು, ಕೋರ್ಟು... ನಾಳೆ ನಿನಗೂ ತೊಂದ್ರೆ. ಮನೆಗೆ ಕರ್ಕೊಂಡು ಹೋಗು."

ಮಗಳು ಬಂದು ಬೆಂಚಿನ ಮೇಲೆ ಅಮ್ಮನಿಗೆ ತಾಗಿ ಕೂತಳು. ಒದ್ದೆ ತನ್ನ ಬಟ್ಟೆಗೂ ಹತ್ತಿದ್ದು ಅವಳಿಗೆ ಗೊತ್ತಾಯಿತು. ಸರಿದು ಕೂರಲಿಲ್ಲ. ಬಟ್ಟೆಯ ಕಟ್ಟನ್ನು ಬೆಂಚಿನ ಕೆಳಗಿಟ್ಟಳು.

"ಸಾರ್, ಅಮ್ಮ ಹೇಳ್ತಾಳೆ, ನೀವು ಬರ್ಕೊಳ್ಳಿ" ಎಂದಳು. "ಇಲ್ಲಾಂದ್ರೆ ಆ ಪೆನ್ನು ಇಲ್ಲಿ ಕೊಡಿ. ನಾನೇ ಬರೀತೀನಿ."